ಒಬ್ಬರ ನೆಲಕ್ಕೆ ಇನ್ನೊಬ್ಬರ ಬೆವರು

1871ರಲ್ಲಿ ಮಾರಿಷಸ್‌ನ ಗವರ್ನರನ ಕೈಗೆ ಒಂದು ಮನವಿ ಬಂತು. ಅದರ ಹಿಂದೆ 9,401 ಮಂದಿ ಇದ್ದರು. ಕಬ್ಬಿನ ತೋಟಗಳಲ್ಲಿ ಕರಾರಿನ ಅವಧಿ ಮುಗಿಸಿ ಅಲ್ಲೇ ನೆಲೆ ನಿಂತಿದ್ದ ಭಾರತೀಯರು ಅವರು. ಕರಾರು ಮುಗಿದರೂ ಅವರಿಗೆ ಬಿಡುಗಡೆ ಸಿಕ್ಕಿರಲಿಲ್ಲ. 1867ರ ಕಾನೂನಿನಂತೆ ತಮ್ಮ ಭಾವಚಿತ್ರ ಅಂಟಿಸಿದ ಚೀಟಿಯನ್ನು ಸ್ವಂತ ದುಡ್ಡಿನಲ್ಲಿ ಮಾಡಿಸಿ ಸದಾ ಜೊತೆಗಿಟ್ಟುಕೊಳ್ಳಬೇಕಿತ್ತು. ಚೀಟಿ ಇಲ್ಲದೆ ಸಿಕ್ಕಿಬಿದ್ದವನು ಅಲೆಮಾರಿ ಎನಿಸಿಕೊಂಡು ಪೊಲೀಸರ ಪಾಲಾಗುತ್ತಿದ್ದ. ತೋಟದಲ್ಲಿ ಒಂದು ದಿನ ಕೆಲಸ ತಪ್ಪಿಸಿದರೆ ಎರಡು ದಿನದ ಕೂಲಿ ಖೋತಾ. ಈ ದೂರುಗಳನ್ನೆಲ್ಲ ಕ್ರೋಡೀಕರಿಸಿ ಬರೆದುಕೊಟ್ಟವನು ಅಡಾಲ್ಫ್ ದ ಪ್ಲೆವಿಟ್ಜ್ ಎಂಬ ಯುರೋಪಿನವ. ಸಿಟ್ಟಿಗೆದ್ದ ತೋಟದ ಮಾಲೀಕರು ಅವನನ್ನು ದ್ವೀಪದಿಂದಲೇ ಓಡಿಸಬೇಕೆಂದು ಪಟ್ಟು ಹಿಡಿದರು. ಪೋರ್ಟ್ ಲೂಯಿಯ ಬೀದಿಯಲ್ಲಿ ಅವನ ಮೇಲೆ ಕೈಮಾಡಿದ್ದೂ ಆಯಿತು.

ಆಗ ಗವರ್ನರ್ ಆಗಿದ್ದವನು ಸರ್ ಆರ್ಥರ್ ಹ್ಯಾಮಿಲ್ಟನ್ ಗಾರ್ಡನ್. ಗಡೀಪಾರು ಮಾಡುವುದಕ್ಕೆ ಆತ ಒಪ್ಪಲಿಲ್ಲ. ಪೊಲೀಸರ ನಡವಳಿಕೆಯ ಬಗ್ಗೆ ವಿಚಾರಣೆ ನಡೆಸಿದ. ಅಷ್ಟು ಸಾಲದೆಂದು ಲಂಡನ್ನಿನಿಂದಲೇ ರಾಜ ಆಯೋಗ ಬರಬೇಕೆಂದು ಬರೆದ. 1872ರಲ್ಲಿ ಆಯೋಗ ಬಂತು. 1875ರಲ್ಲಿ ಹೊರಬಿದ್ದ ಅದರ ವರದಿ ಕೂಲಿಗಳ ದೂರುಗಳಲ್ಲಿ ಬಹುಪಾಲು ನಿಜವೆಂದಿತು. 1878ರಲ್ಲಿ ಹೊಸ ಕಾರ್ಮಿಕ ಕಾನೂನು ಜಾರಿಯಾಯಿತು.

ಇಷ್ಟನ್ನೇ ಓದಿ ಪುಸ್ತಕ ಮಡಿಚಿದರೆ ಗಾರ್ಡನ್ ನಮ್ಮವರ ಪಾಲಿನ ಪುಣ್ಯಾತ್ಮ. ಆದರೆ ಕಥೆ ಮುಂದಿದೆ. ಕಲ್ಕತ್ತೆಯಿಂದ ಹೊರಟಿದ್ದ ಲಿಯೋನಿದಾಸ್ ಎಂಬ ಹಡಗು 463 ಭಾರತೀಯರನ್ನು ಹೊತ್ತು 1879ರ ಮೇ 14ರಂದು ಫಿಜಿಯ ಲೆವುಕಾ ಬಂದರಿಗೆ ಬಂತು. ಶಾಂತಸಾಗರದ ಆ ದ್ವೀಪಗಳಿಗೆ ಕರಾರು ಕೂಲಿ ಪದ್ಧತಿ ಕಾಲಿಟ್ಟದ್ದು ಹೀಗೆ. ಆ ಯೋಜನೆಯ ರೂವಾರಿ ಇದೇ ಗಾರ್ಡನ್. ಮಾರಿಷಸ್‌ನಲ್ಲಿ ಆ ಪದ್ಧತಿಯ ಹುಣ್ಣನ್ನು ಕಣ್ಣಾರೆ ಕಂಡವನು ಎಂಟು ವರ್ಷದೊಳಗೆ ಅದನ್ನೇ ಇನ್ನೊಂದು ದ್ವೀಪಕ್ಕೆ ಏಕೆ ತಂದ?

ದುರಾಸೆ ಎಂದು ಹೇಳಿ ಮುಗಿಸುವಂತಿಲ್ಲ. ಗಾರ್ಡನ್ ಲಂಚಕೋರನಾಗಿರಲಿಲ್ಲ, ತೋಟದ ಮಾಲೀಕರ ಕೈಗೊಂಬೆಯೂ ಆಗಿರಲಿಲ್ಲ. ಒಂದು ಜನರನ್ನು ಪ್ರಾಮಾಣಿಕವಾಗಿ ಕಾಪಾಡಲು ಹೊರಟವನು ಆತ. ಅದಕ್ಕೆ ತಗಲುವ ಖರ್ಚನ್ನು ಇನ್ನೊಂದು ಜನರ ತಲೆಗೆ ಕಟ್ಟಿದ.

ಹುಟ್ಟಿದ್ದು 1829ರಲ್ಲಿ, ದೊಡ್ಡ ಮನೆತನದಲ್ಲಿ. ತಂದೆ ಲಾರ್ಡ್ ಅಬರ್ಡೀನ್ ಕ್ರಿಮಿಯಾ ಯುದ್ಧದ ಕಾಲದಲ್ಲಿ ಬ್ರಿಟನ್ನಿನ ಪ್ರಧಾನಿ. ಕಿರಿಯ ಮಗನಾದ ಗಾರ್ಡನ್ ಅವರ ಆಪ್ತ ಕಾರ್ಯದರ್ಶಿ. ಕೇಂಬ್ರಿಜ್‌ನಲ್ಲಿ ಓದು, ಕೆಲಕಾಲ ಸಂಸತ್ ಸದಸ್ಯತ್ವ, ಗ್ಲ್ಯಾಡ್‌ಸ್ಟನ್ ಜೊತೆ ಅಯೋನಿಯನ್ ದ್ವೀಪಗಳಿಗೆ ಒಂದು ರಾಜಕೀಯ ಪಯಣ. ಆಮೇಲೆ ಮೂವತ್ತು ವರ್ಷ ಸಾಮ್ರಾಜ್ಯದ ಚಾಕರಿ. ಮೊದಲು ಕೆನಡಾದ ನ್ಯೂ ಬ್ರನ್ಸ್‌ವಿಕ್, ನಂತರ ಟ್ರಿನಿಡಾಡ್, ಮಾರಿಷಸ್, ಫಿಜಿ, ನ್ಯೂಜಿಲೆಂಡ್, ಕೊನೆಗೆ ಸಿಲೋನ್. ದೈವಭಕ್ತ, ದುಡಿಮೆಗಾರ, ಜೊತೆಗೆ ತಡೆಯಲಾಗದಷ್ಟು ಕುಲಾಭಿಮಾನಿ. ಹೊಸದಾಗಿ ದುಡ್ಡು ಕಂಡ ಬಿಳಿಯ ವಲಸೆಗಾರರನ್ನು ಕಂಡರೆ ಆತನಿಗೆ ತಾತ್ಸಾರ. ಹಳೆಯ ವಂಶದ ಸ್ಥಳೀಯ ಮುಖ್ಯಸ್ಥರೆಂದರೆ ತನ್ನ ಸರೀಕರು ಎಂಬ ಭಾವ. ಈ ಸ್ವಭಾವ ಅವನ ಆಡಳಿತದುದ್ದಕ್ಕೂ ಕೆಲಸ ಮಾಡಿತು.

1866ರಲ್ಲಿ ಟ್ರಿನಿಡಾಡಿಗೆ ಹೋದಾಗ ಅಲ್ಲಿ ಸರ್ಕಾರಿ ಭೂಮಿ ಬೇಕಾದಷ್ಟಿತ್ತು, ಆದರೆ ಬಡವರಿಗೆ ಎಟುಕುತ್ತಿರಲಿಲ್ಲ. ತೋಟದವರಿಗೆ ಅದೇ ಬೇಕಾಗಿತ್ತು. ನೆಲ ಸಿಕ್ಕರೆ ಕೂಲಿಗೆ ಯಾರು ಬರುತ್ತಾರೆ? ಗಾರ್ಡನ್ ಅವರ ಮಾತು ಕೇಳಲಿಲ್ಲ. ಸಣ್ಣ ಹಿಡುವಳಿಗಳಾಗಿ ಭೂಮಿಯನ್ನು ಕಡಿಮೆ ಬೆಲೆಗೆ ಬಿಡುಗಡೆ ಮಾಡಿದ. ಅಕ್ರಮವಾಗಿ ಉಳುತ್ತಿದ್ದವರಿಗೆ ಸಕ್ರಮದ ದಾರಿ ತೆರೆದ. 1869ರಲ್ಲಿ ಇನ್ನೊಂದು ಏರ್ಪಾಡು ಬಂತು. ಊರಿಗೆ ಮರಳುವ ಉಚಿತ ಹಡಗು ಪ್ರಯಾಣದ ಹಕ್ಕನ್ನು ಬಿಟ್ಟುಕೊಟ್ಟ ಭಾರತೀಯನಿಗೆ ಹತ್ತು ಎಕರೆ ಭೂಮಿ. ಟ್ರಿನಿಡಾಡಿನ ಭಾರತೀಯರು ರೈತರಾಗಿ ಬೇರೂರಿದ್ದಕ್ಕೆ ಈ ಏರ್ಪಾಡು ಒಂದು ಕಾರಣ. ಅಲ್ಲಿ ಅವನಿಗೆ ಲೆಕ್ಕ ಸರಳವಾಗಿತ್ತು. ನೆಲ ಸರ್ಕಾರದ್ದು, ಕೊಟ್ಟರೆ ಯಾರ ಗಂಟೂ ಹೋಗದು.

ಫಿಜಿಯಲ್ಲಿ ಪರಿಸ್ಥಿತಿ ತಲೆಕೆಳಗಾಗಿತ್ತು. 1874ರ ಅಕ್ಟೋಬರ್ 10ರಂದು ಲೆವುಕಾದಲ್ಲಿ ಥಾಕೊಂಬಾವು ಮತ್ತಿತರ ಮುಖ್ಯಸ್ಥರು ದ್ವೀಪಗಳನ್ನು ಬ್ರಿಟನ್ನಿಗೆ ಒಪ್ಪಿಸಿದ್ದರು. ಆ ಶಾಸ್ತ್ರ ಮುಗಿಸಿ ಸಿಡ್ನಿಗೆ ಹೋಗಿದ್ದ ಥಾಕೊಂಬಾವು 1875ರ ಜನವರಿಯಲ್ಲಿ ಬ್ರಿಟಿಷ್ ಯುದ್ಧನೌಕೆ ಡೈಡೋದಲ್ಲಿ ಮರಳಿದ. ಅದೇ ಹಡಗಿನಲ್ಲಿ ದಡಾರವೂ ಬಂತು. ಆ ರೋಗವನ್ನೇ ಕಾಣದ ಜನ; ಕೆಲವೇ ತಿಂಗಳಲ್ಲಿ ಸುಮಾರು 40,000 ಮಂದಿ ಸತ್ತರು. ದ್ವೀಪಗಳ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಜನ ಇಲ್ಲವಾದರು. ಜೂನ್‌ನಲ್ಲಿ ಗಾರ್ಡನ್ ಬಂದಿಳಿದಾಗ ಕಂಡದ್ದು ಈ ಫಿಜಿ. ಬಿಳಿಯರು ಕಾಲಿಟ್ಟಲ್ಲೆಲ್ಲ ಮೂಲನಿವಾಸಿಗಳು ಅಳಿಯುವುದು ಪ್ರಕೃತಿ ನಿಯಮ ಎಂದು ಯುರೋಪಿನ ವಿದ್ವಾಂಸರೇ ವಾದಿಸುತ್ತಿದ್ದ ಕಾಲ ಅದು. ಇಲ್ಲಿ ಹಾಗಾಗಲು ಬಿಡುವುದಿಲ್ಲ ಎಂದು ಆತ ಹಟ ತೊಟ್ಟ.

ಆ ಹಟದಿಂದ ಹುಟ್ಟಿದ ಆಡಳಿತಕ್ಕೆ ಮೂರು ಕಂಬ. ಮೊದಲನೆಯದು ಭೂಮಿ. ಫಿಜಿಯವರ ನೆಲವನ್ನು ಹೊರಗಿನವರಿಗೆ ಮಾರುವಂತಿಲ್ಲ. ಯುರೋಪಿಯನ್ನರು ಈಗಾಗಲೇ ಕೊಂಡಿದ್ದೇವೆ ಎಂದು ತೋರಿಸಿದ ಪತ್ರಗಳನ್ನು ಒಂದೊಂದಾಗಿ ತನಿಖೆ ಮಾಡಿಸಿದ. ಎಷ್ಟೋ ಪತ್ರಗಳು ಬಿದ್ದುಹೋದವು. ಶೇ 80ಕ್ಕೂ ಹೆಚ್ಚು ಭೂಮಿ ಇಂದಿಗೂ ಮೂಲನಿವಾಸಿಗಳ ಕುಲಗಳ ಒಡೆತನದಲ್ಲಿ ಉಳಿದಿರುವುದರ ಬುಡ ಇಲ್ಲಿದೆ.

ಎರಡನೆಯದು ತೆರಿಗೆ. ಹಿಂದೆ ತಲೆಗಂದಾಯವನ್ನು ನಗದಿನಲ್ಲೇ ಕಟ್ಟಬೇಕಿತ್ತು. ಹಳ್ಳಿಗನ ಕೈಯಲ್ಲಿ ನಗದೆಲ್ಲಿ? ತಪ್ಪಿದವನು ತೋಟಕ್ಕೆ ದುಡಿಯಲು ಹೋಗಬೇಕಾಗುತ್ತಿತ್ತು. ಗಾರ್ಡನ್ ಇದನ್ನು ಕಿತ್ತುಹಾಕಿ, ಪ್ರತಿ ಪ್ರಾಂತ್ಯವೂ ಕೊಬ್ಬರಿ, ಹತ್ತಿ, ಮುಸುಕಿನ ಜೋಳ, ತಂಬಾಕು ಮುಂತಾದ ಬೆಳೆಯಲ್ಲೇ ಕಂದಾಯ ಕಟ್ಟುವಂತೆ ಮಾಡಿದ. ಸರ್ಕಾರ ಅದನ್ನು ಟೆಂಡರು ಕರೆದು ವ್ಯಾಪಾರಿಗಳಿಗೆ ಮಾರುತ್ತಿತ್ತು. ನಿಗದಿಗಿಂತ ಹೆಚ್ಚು ಬಂದ ಹಣ ಬೆಳೆದವರಿಗೇ ವಾಪಸು. ಜನ ಊರು ಬಿಟ್ಟು ಕದಲುವ ಅಗತ್ಯವೇ ಇಲ್ಲವಾಯಿತು.

ಮೂರನೆಯದು ಮುಖ್ಯಸ್ಥರ ಮೂಲಕ ಆಡಳಿತ. ಹಳ್ಳಿಗೊಬ್ಬ, ಜಿಲ್ಲೆಗೊಬ್ಬ, ಪ್ರಾಂತ್ಯಕ್ಕೊಬ್ಬ ಸ್ಥಳೀಯ ಅಧಿಕಾರಿ. ಎಲ್ಲರ ಮೇಲೆ 1876ರಲ್ಲಿ ರೂಪುಗೊಂಡ ಮುಖ್ಯಸ್ಥರ ಮಹಾಸಭೆ. ಡಚ್ಚರು ಜಾವಾದಲ್ಲಿ ನಡೆಸಿದ ಆಡಳಿತದ ಮೇಲೆ ಜೆ.ಡಬ್ಲ್ಯು.ಬಿ. ಮನಿ ಬರೆದಿದ್ದ ಪುಸ್ತಕದಿಂದ ಆತ ಪಾಠ ಕಲಿತಿದ್ದ. ಆಫ್ರಿಕದಲ್ಲಿ ಲುಗಾರ್ಡ್ ಮುಂದೆ ಹೆಸರು ಮಾಡಿದ ಪರೋಕ್ಷ ಆಡಳಿತಕ್ಕೆ ಗಾರ್ಡನ್ ಫಿಜಿಯಲ್ಲಿ ಮೊದಲೇ ದಾರಿ ಹಾಕಿದ್ದ.

ಈ ಮರ್ಯಾದೆ ತಲೆಬಾಗಿದವರಿಗೆ ಮಾತ್ರ ಎಂಬುದನ್ನೂ ಹೇಳಬೇಕು. ವಿತಿ ಲೆವು ದ್ವೀಪದ ಒಳನಾಡಿನ ಗುಡ್ಡಗಾಡು ಜನ 1876ರಲ್ಲಿ ತಿರುಗಿಬಿದ್ದರು. ಹೊಸ ಸರ್ಕಾರವೂ ಬೇಡ, ಅದರ ಜೊತೆ ಬಂದ ಹೊಸ ಧರ್ಮವೂ ಬೇಡ ಎಂದವರು ಅವರು. ಗಾರ್ಡನ್ ಬ್ರಿಟಿಷ್ ಸೈನ್ಯ ಕರೆಸದೆ ಕರಾವಳಿಯ ಮುಖ್ಯಸ್ಥರ ಪಡೆಗಳನ್ನೇ ಅವರ ಮೇಲೆ ಬಿಟ್ಟ. ಸೋತವರಲ್ಲಿ ಹಲವರಿಗೆ ಮರಣದಂಡನೆ ಆಯಿತು. ಕಾಪಾಡಿದ ಸಂಪ್ರದಾಯದಲ್ಲೂ ಒಂದು ತೊಡಕಿತ್ತು. ಭೂಮಿಯ ಹಕ್ಕು ಒಂದೊಂದು ದ್ವೀಪದಲ್ಲಿ ಒಂದೊಂದು ಬಗೆ, ಕಾಲಕ್ಕೆ ತಕ್ಕಂತೆ ಬದಲಾಗುತ್ತಿದ್ದ ಪದ್ಧತಿ. ಅದನ್ನು ಏಕರೂಪಕ್ಕೆ ತಂದು, ಎಂದೆಂದಿಗೂ ಬದಲಾಗದ ಪುರಾತನ ನಿಯಮ ಎಂದು ಕಾನೂನಿನಲ್ಲಿ ಬರೆದದ್ದು ಬ್ರಿಟಿಷ್ ಆಡಳಿತ. ಇತಿಹಾಸಕಾರ ಪೀಟರ್ ಫ್ರಾನ್ಸ್ 1969ರ ತಮ್ಮ ಪುಸ್ತಕದಲ್ಲಿ ಇದನ್ನು ಬಿಡಿಸಿ ತೋರಿಸಿದ್ದಾರೆ.

ಮೂರೂ ಕಂಬ ನಿಂತವು. ಆದರೆ ಚಾವಣಿಗೆ ದುಡ್ಡು? ಪ್ರತಿ ವಸಾಹತೂ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕೆಂಬುದು ಲಂಡನ್ನಿನ ಹಟ. ದುಡ್ಡು ಬರಬೇಕಾದರೆ ಕಬ್ಬು, ಕಬ್ಬಿಗೆ ಆಳು. ಫಿಜಿಯವರನ್ನು ತೋಟಕ್ಕೆ ಕಳಿಸುವಂತಿಲ್ಲ. ಸುತ್ತಲಿನ ಸಾಲೊಮನ್, ನ್ಯೂ ಹೆಬ್ರಿಡಿಸ್ ದ್ವೀಪಗಳಿಂದ ಬರುತ್ತಿದ್ದವರು ಸಾಲುತ್ತಿರಲಿಲ್ಲ. ಟ್ರಿನಿಡಾಡ್ ಮತ್ತು ಮಾರಿಷಸ್‌ನಲ್ಲಿ ಸಕ್ಕರೆಯ ಒಳಹೊರಗು ನೋಡಿದ್ದ ಗಾರ್ಡನ್ನನಿಗೆ ಹೊಳೆದ ಉತ್ತರ ಭಾರತ. ಮಾರಿಷಸ್‌ನಲ್ಲಿ ಕೆಟ್ಟದ್ದು ಪದ್ಧತಿ ಅಲ್ಲ, ಮೇಲ್ವಿಚಾರಣೆ ಎಂದು ಆತ ನಂಬಿದ್ದ. ಸರ್ಕಾರ ಬಿಗಿಯಾಗಿ ಕಣ್ಣಿಟ್ಟರೆ ಕರಾರು ಕೂಲಿಯೂ ನ್ಯಾಯವಾಗಿ ನಡೆಯುತ್ತದೆಂಬುದು ಆ ಕಾಲದ ಅನೇಕ ಸಜ್ಜನ ಅಧಿಕಾರಿಗಳ ನಂಬಿಕೆಯೂ ಹೌದು. 1880ರಲ್ಲಿ ಗಾರ್ಡನ್ ತೆರವು ಮಾಡಿದ ಹುದ್ದೆಗೆ ಬಂದ ದೆ ವೂ ಕೂಡ ಬ್ರಿಟಿಷ್ ಗಯಾನಾದಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದು, ಕೂಲಿಗಳ ಸಂಕಟವನ್ನು 1869ರಲ್ಲಿ ಲಂಡನ್ನಿಗೆ ಬರೆದು ವಿಚಾರಣಾ ಆಯೋಗ ನೇಮಕವಾಗುವಂತೆ ಮಾಡಿದವನೇ. ಪದ್ಧತಿಯನ್ನು ಬಯಲಿಗೆಳೆದ ಇಬ್ಬರೂ ಫಿಜಿಯಲ್ಲಿ ಅದನ್ನೇ ನಡೆಸಿದರು.

ಲಿಯೋನಿದಾಸ್ ಹಡಗಿನಲ್ಲಿ ಕಾಲರಾ, ಸಿಡುಬು ಎರಡೂ ಕಾಣಿಸಿಕೊಂಡಿದ್ದವು. ದಡಾರದ ಪೆಟ್ಟು ತಿಂದಿದ್ದ ಫಿಜಿ ಆಡಳಿತ ಹೆದರಿ, ಬಂದವರನ್ನು ಯಾನುಥಾ ಲೈಲೈ ಎಂಬ ಪುಟ್ಟ ದ್ವೀಪದಲ್ಲಿ ದಿಗ್ಬಂಧನದಲ್ಲಿಟ್ಟಿತು. ಹೊಸ ಬಗೆಯ ಆಳುಗಳನ್ನು ತೆಗೆದುಕೊಳ್ಳಲು ತೋಟದವರೂ ಮುಂದೆ ಬರಲಿಲ್ಲ. ಮೊದಲ ತಂಡದ ಹೆಚ್ಚಿನವರಿಗೆ ಸರ್ಕಾರವೇ ಕೆಲಸ ಕೊಡಬೇಕಾಯಿತು. ಚಿತ್ರ ಬದಲಾದದ್ದು ಸಿಡ್ನಿಯ ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿ ಬಂದ ಮೇಲೆ. ಗಾರ್ಡನ್ ಕಾಲದಲ್ಲೇ ಮಾತುಕತೆ ನಡೆದು, 1882ರಲ್ಲಿ ಅದರ ನೌಸೋರಿ ಕಾರ್ಖಾನೆ ಕಬ್ಬು ಅರೆಯತೊಡಗಿತು. 1916ರವರೆಗೆ 60,000ಕ್ಕೂ ಹೆಚ್ಚು ಭಾರತೀಯರು ಫಿಜಿಗೆ ಹೋದರು. 1903ರಿಂದ ಮದರಾಸಿನಿಂದಲೂ ಹಡಗುಗಳು ಹೊರಟವು. ಒಟ್ಟು ಜನರಲ್ಲಿ ಕಾಲುಭಾಗದಷ್ಟು ದಕ್ಷಿಣದವರು.

ಐದು ವರ್ಷ ಕರಾರು. ಗೊತ್ತುಮಾಡಿದ ಕೆಲಸ ಮುಗಿಸಿದರೆ ಗಂಡಾಳಿಗೆ ದಿನಕ್ಕೆ ಒಂದು ಶಿಲಿಂಗ್, ಹೆಣ್ಣಾಳಿಗೆ ಒಂಬತ್ತು ಪೆನ್ನಿ. ಮುಗಿಸದಿದ್ದರೆ ಕೋರ್ಟು, ದಂಡ, ಜೈಲು. ವಾಸಕ್ಕೆ ಲೈನು ಮನೆ; ಹತ್ತಡಿ ಉದ್ದ ಏಳಡಿ ಅಗಲದ ಕೋಣೆಯಲ್ಲಿ ಮೂವರು ಗಂಡಸರು. ನೂರು ಗಂಡಸರಿಗೆ ನಲವತ್ತು ಹೆಂಗಸರನ್ನು ಕಳಿಸಬೇಕೆಂಬ ನಿಯಮ ಆ ಲೈನುಗಳಲ್ಲಿ ಎಂಥ ಬದುಕನ್ನು ಸೃಷ್ಟಿಸಿತೆಂದು ಬಿಡಿಸಿ ಹೇಳಬೇಕಿಲ್ಲ. ಆತ್ಮಹತ್ಯೆಗಳು ಹೆಚ್ಚಿದವು. ಕಣ್ಣಿಡಬೇಕಾದ ಸರ್ಕಾರ ಬಹುಮಟ್ಟಿಗೆ ಕಂಪನಿಯ ಕಣ್ಣಿನಿಂದಲೇ ನೋಡಿತು. ಅಲ್ಲಿ ಇಪ್ಪತ್ತೊಂದು ವರ್ಷ ಕಳೆದು ಬಂದ ತೋತಾರಾಂ ಸನಾಢ್ಯರ ಹಿಂದಿ ಆತ್ಮಕಥನ, ಸಿ.ಎಫ್. ಆಂಡ್ರೂಸ್ ಮತ್ತು ಪಿಯರ್ಸನ್ ಅವರ ವರದಿ, ಶಾಸನಸಭೆಯಲ್ಲಿ ಗೋಖಲೆ ಮತ್ತು ಮಾಳವೀಯರ ಹೋರಾಟ ಎಲ್ಲ ಸೇರಿ ಪದ್ಧತಿಯನ್ನು ಮುಗಿಸಿದವು. 1920ರ ಜನವರಿ 1ರಂದು ಉಳಿದ ಕರಾರುಗಳೆಲ್ಲ ರದ್ದಾದವು.

ಕರಾರಿನಿಂದ ಬಿಡುಗಡೆಯಾದವನಿಗೆ ಟ್ರಿನಿಡಾಡಿನಲ್ಲಿ ಹತ್ತು ಎಕರೆಯ ದಾರಿಯಿತ್ತು. ಫಿಜಿಯಲ್ಲಿ ಅದೇ ಗವರ್ನರ್ ಬರೆದ ನಿಯಮದಿಂದ ಆ ಬಾಗಿಲು ಬಹುಪಾಲು ಮುಚ್ಚಿತ್ತು. ಭಾರತೀಯ ಬೆಳೆಯಬಹುದು, ಗೇಣಿ ಕೊಡಬಹುದು, ನಾಲ್ಕು ತಲೆಮಾರು ಅಲ್ಲೇ ಬಾಳಬಹುದು. ಕಾಲಡಿಯ ನೆಲ ಮಾತ್ರ ಅವನದಾಗುವುದು ಅಪರೂಪ. ಹಳ್ಳಿಯಲ್ಲೇ ಉಳಿದ ಫಿಜಿಯವನು ಮಾರುಕಟ್ಟೆಯಿಂದ, ಶಾಲೆಯಿಂದ ಬಹುಕಾಲ ದೂರವೇ ಉಳಿದ. ಒಬ್ಬನಿಗೆ ನೆಲವಿತ್ತು, ದುಡ್ಡಿನ ಬದುಕಿನಲ್ಲಿ ಜಾಗವಿರಲಿಲ್ಲ. ಇನ್ನೊಬ್ಬನಿಗೆ ದುಡಿಮೆಯಿತ್ತು, ನೆಲದ ಭರವಸೆ ಇರಲಿಲ್ಲ. ಇಬ್ಬರೂ ಪರಸ್ಪರ ಅನುಮಾನದಿಂದ ನೋಡುವುದಕ್ಕೆ ಬೇಕಾದದ್ದೆಲ್ಲ ಸಿದ್ಧವಾಗಿತ್ತು.

ಇತ್ತ ಗಾರ್ಡನ್ 1880ರಲ್ಲಿ ನ್ಯೂಜಿಲೆಂಡಿಗೆ ಹೋದ. ಹುದ್ದೆ ದೊಡ್ಡದು, ಅಧಿಕಾರ ಸಣ್ಣದು. ಬಿಳಿಯರು ಆರಿಸಿದ ಮಂತ್ರಿಮಂಡಲ ಹೇಳಿದ್ದಕ್ಕೆ ಸಹಿ ಹಾಕುವುದೇ ಅಲ್ಲಿನ ಗವರ್ನರನ ಕೆಲಸ. ತಾರಾನಾಕಿಯ ಪರಿಹಾಕ ಗ್ರಾಮದಲ್ಲಿ ಮಾವೊರಿ ನಾಯಕರಾದ ತೆ ಫಿಟಿ ಮತ್ತು ತೊಹು ತಮ್ಮ ಭೂಮಿಯ ಕಬಳಿಕೆಯನ್ನು ಆಯುಧ ಹಿಡಿಯದೆ ವಿರೋಧಿಸುತ್ತಿದ್ದರು. ಮೋಜಣಿಯವರ ಗೂಟ ಕೀಳುವುದು, ವಲಸೆಗಾರರ ಹೊಲದಲ್ಲಿ ನೇಗಿಲು ಹೂಡುವುದು ಅವರ ದಾರಿ. ಗಾರ್ಡನ್ನನ ಸಹಾನುಭೂತಿ ಅವರ ಕಡೆಗಿತ್ತು. ಆತ ಫಿಜಿಗೆ ಹೋಗಿದ್ದ ಸಮಯ ನೋಡಿ ಮಂತ್ರಿಗಳು ಊರಿನ ಮೇಲೆ ದಂಡೆತ್ತುವ ಘೋಷಣೆ ತಯಾರಿಸಿದರು. 1881ರ ಅಕ್ಟೋಬರ್ 19ರಂದು ಆತ ವೆಲಿಂಗ್ಟನ್ ತಲುಪುವ ಕೆಲವೇ ಗಂಟೆ ಮೊದಲು ಹಂಗಾಮಿ ಅಧಿಕಾರಿ ಅದಕ್ಕೆ ಸಹಿ ಹಾಕಿಯಾಗಿತ್ತು. ನವೆಂಬರ್ 5ರಂದು ಸುಮಾರು 1,600 ಶಸ್ತ್ರಧಾರಿಗಳು ಒಳನುಗ್ಗಿದಾಗ ಎದುರಾದವರು ಹಾಡುತ್ತ ಕುಣಿಯುತ್ತಿದ್ದ ಮಕ್ಕಳು. ನಾಯಕರನ್ನು ವಿಚಾರಣೆಯೇ ಇಲ್ಲದೆ ಸೆರೆಯಲ್ಲಿಟ್ಟರು. 1882ರಲ್ಲಿ ಗಾರ್ಡನ್ ಹುದ್ದೆ ಬಿಟ್ಟ.

1883ರ ಕೊನೆಗೆ ಸಿಲೋನಿಗೆ ಬಂದಾಗ ಅಲ್ಲಿ ಕಾಫಿ ಸತ್ತಿತ್ತು. 1869ರಲ್ಲಿ ಆ ದ್ವೀಪದಲ್ಲಿ ಕಾಣಿಸಿಕೊಂಡು, ಸ್ವಲ್ಪದರಲ್ಲೇ ನಮ್ಮ ಕೊಡಗು, ಚಿಕ್ಕಮಗಳೂರುಗಳಿಗೂ ದಾಟಿದ ಎಲೆ ತುಕ್ಕು ರೋಗ ತೋಟಗಳನ್ನು ನುಂಗಿತ್ತು. 1884ರಲ್ಲಿ ಓರಿಯೆಂಟಲ್ ಬ್ಯಾಂಕ್ ದಿವಾಳಿಯಾಯಿತು. ಅದರ ನೋಟುಗಳು ಇಡೀ ದ್ವೀಪದ ಕೈಯಲ್ಲಿದ್ದವು. ಆ ನೋಟುಗಳಿಗೆ ಸರ್ಕಾರವೇ ಜಾಮೀನು ಎಂದು ಗಾರ್ಡನ್ ಘೋಷಿಸಿದ್ದರಿಂದ ಜನರ ಗಾಬರಿ ನಿಂತಿತು. ಐದನೇ ಶತಮಾನದಲ್ಲಿ ರಾಜ ಧಾತುಸೇನ ಕಟ್ಟಿಸಿದ್ದ ಕಲಾವೆವ ಕೆರೆಯ ಏರಿ ಒಡೆದು ಕಾಡು ಬೆಳೆದಿತ್ತು. ಏರಿಯನ್ನು ದುರಸ್ತಿ ಮಾಡಿಸಿ, ಮೈಲಿಗೆ ಸುಮಾರು ಆರಂಗುಲದಷ್ಟೇ ಇಳಿಜಾರಿರುವ ಆ ಹಳೆಯ ಕಾಲುವೆಯಲ್ಲಿ ಅನುರಾಧಪುರದ ಕಡೆಗೆ ಮತ್ತೆ ನೀರು ಹರಿಸಿದ. 1885ರಿಂದ ವೆಸಾಕ್ ಹುಣ್ಣಿಮೆ ಸಾರ್ವಜನಿಕ ರಜೆಯಾಯಿತು. ಇಷ್ಟೆಲ್ಲದರ ನಡುವೆ ಹಳೆಯ ಸ್ವಭಾವ ಬಿಡಲಿಲ್ಲ. ಉನ್ನತ ಮನೆತನಗಳಿಗೆ ಮಣೆ ಹಾಕಿದ. 1889ರಲ್ಲಿ ಶಾಸನಸಭೆಗೆ ಕ್ಯಾಂಡಿ ಸಿಂಹಳೀಯರಿಗೊಂದು, ಮುಸ್ಲಿಮರಿಗೊಂದು ಸ್ಥಾನ ಸೇರಿಸಿದಾಗಲೂ ಜನರನ್ನು ಸಮುದಾಯಗಳಾಗಿ ಎಣಿಸುವ ಲೆಕ್ಕವೇ ಮುಂದುವರಿಯಿತು.

1890ರಲ್ಲಿ ನಿವೃತ್ತಿ, 1893ರಲ್ಲಿ ಲಾರ್ಡ್ ಸ್ಟ್ಯಾನ್‌ಮೋರ್ ಎಂಬ ಬಿರುದು. ಆಮೇಲಿನ ಒಂದು ಅಧ್ಯಾಯವನ್ನು ಅವನ ಹೊಗಳಿಕೆಗಾರರು ಹೆಚ್ಚು ಹೇಳುವುದಿಲ್ಲ. ಆತ ಪೆಸಿಫಿಕ್ ಐಲೆಂಡ್ಸ್ ಕಂಪನಿಯ ಅಧ್ಯಕ್ಷನಾದ. ಆರು ಚದರ ಕಿಲೋಮೀಟರಿನಷ್ಟಿರುವ ಬನಾಬಾ ದ್ವೀಪದ ನೆಲವೆಲ್ಲ ರಂಜಕದ ಗೊಬ್ಬರ ಎಂದು ಆ ಕಂಪನಿಯ ಆಲ್ಬರ್ಟ್ ಎಲಿಸ್ ಪತ್ತೆ ಮಾಡಿದ. 1900ರ ಮೇ ತಿಂಗಳಲ್ಲಿ ದ್ವೀಪದವರಿಂದ ಒಂದು ಕಾಗದಕ್ಕೆ ಒಪ್ಪಿಗೆ ಪಡೆದ. ವರ್ಷಕ್ಕೆ 50 ಪೌಂಡ್, ಅವಧಿ 999 ವರ್ಷ. ಫಿಜಿಯಲ್ಲಿ ಬಿಳಿಯರ ಕ್ರಯಪತ್ರಗಳನ್ನು ದೀಪ ಹಿಡಿದು ಪರೀಕ್ಷಿಸಿದ್ದವನ ಕಂಪನಿ ಬರೆಸಿಕೊಂಡ ಪತ್ರ ಇದು. ದ್ವೀಪದ ಬಹುಭಾಗ ಅಗೆದು ಹೋಯಿತು; ಗಣಿಗಾರಿಕೆ ನಿಂತದ್ದು 1979ರಲ್ಲಿ. ಬನಾಬಾದ ಜನರಿಗೆಂದು 1942ರಲ್ಲಿ ಅವರದೇ ರಾಯಧನದ ಹಣದಿಂದ ಫಿಜಿಯ ರಂಬಿ ದ್ವೀಪವನ್ನು ಕೊಳ್ಳಲಾಯಿತು, 1945ರ ಡಿಸೆಂಬರಿನಲ್ಲಿ ಅವರನ್ನು ಅಲ್ಲಿಗೆ ಸಾಗಿಸಲಾಯಿತು. 1912ರಲ್ಲಿ ತೀರಿಕೊಂಡ ಗಾರ್ಡನ್ ಇದನ್ನು ನೋಡಲಿಲ್ಲ.

ಫಿಜಿ ಸ್ವತಂತ್ರವಾದದ್ದು 1970ರ ಅಕ್ಟೋಬರ್ 10ರಂದು, ದ್ವೀಪಗಳನ್ನು ಒಪ್ಪಿಸಿದ ದಿನವೇ. ಭಾರತೀಯ ಮೂಲದವರಿಗೆ ಹೆಚ್ಚು ಪಾಲಿದ್ದ ಸರ್ಕಾರವನ್ನು ಕರ್ನಲ್ ರಂಬುಕ ಸೈನ್ಯದ ಬಲದಿಂದ ಕಿತ್ತೊಗೆದದ್ದು 1987ರ ಮೇ 14ರಂದು, ಮೊದಲ ಹಡಗು ಬಂದ ದಿನವೇ. 2000ದಲ್ಲಿ ಪ್ರಧಾನಿ ಮಹೇಂದ್ರ ಚೌಧರಿ 56 ದಿನ ಒತ್ತೆಯಾಳಾದರು. ಮೂಲನಿವಾಸಿಗಳ ನೆಲ ಅಪಾಯದಲ್ಲಿದೆ ಎಂಬುದೇ ಪ್ರತಿ ಬಾರಿಯ ಕೂಗು. ಹಿಂದೆ ದೀರ್ಘಾವಧಿಗೆಂದು ಕೊಟ್ಟಿದ್ದ ಗೇಣಿಗಳು 1997ರಿಂದ ಮುಗಿಯತೊಡಗಿದಾಗ ಎಷ್ಟೋ ನವೀಕರಣವಾಗಲಿಲ್ಲ. ಕಬ್ಬಿನ ಕುಟುಂಬಗಳು ಮನೆ ಖಾಲಿ ಮಾಡಿ ಊರಂಚಿನ ಗುಡಿಸಲುಗಳಿಗೆ ಬಂದವು. ಸಾಧ್ಯವಿದ್ದವರು ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹಡಗಿನ ಬದಲು ವಿಮಾನ ಹತ್ತಿದರು.

ಎಲ್ಲವನ್ನೂ ನೂರಕ್ಕೂ ಹೆಚ್ಚು ವರ್ಷ ಹಿಂದಿನ ಒಬ್ಬ ಗವರ್ನರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹವಾಯಿಯ ಮೂಲನಿವಾಸಿಗಳು, ಆಸ್ಟ್ರೇಲಿಯಾದ ಆದಿವಾಸಿಗಳು ನೆಲ ಕಳೆದುಕೊಂಡ ಕಥೆ ಗೊತ್ತಿದ್ದವರು ಫಿಜಿಯವರ ಕೈಯಲ್ಲಿ ಇನ್ನೂ ನೆಲ ಉಳಿದಿರುವುದನ್ನು ಸಣ್ಣ ಮಾತೆಂದು ತಳ್ಳಿಹಾಕಲಾರರು. ಆದರೆ ಆ ರಕ್ಷಣೆಯನ್ನು ಕಟ್ಟಿದ ಬಗೆಯಲ್ಲೇ ದೋಷವಿತ್ತು. ಬೆಲೆ ಕೊಡಬೇಕಾದವರು ಕಲ್ಕತ್ತೆಯ ಡಿಪೋದಲ್ಲಿ ಹೆಬ್ಬೆಟ್ಟು ಒತ್ತುವಾಗ ಫಿಜಿ ಯಾವ ದಿಕ್ಕಿಗಿದೆ ಎಂಬುದನ್ನೂ ಅರಿಯದವರು. ತಮ್ಮ ಪಕ್ಕದಲ್ಲಿ ಇನ್ನೊಂದು ಜನ ಬಂದು ನೆಲೆಸಲಿದ್ದಾರೆ ಎಂಬುದರಲ್ಲಿ ಸಾಮಾನ್ಯ ಫಿಜಿಯವರ ಮಾತಿಗೂ ಬೆಲೆ ಇರಲಿಲ್ಲ. ಇಬ್ಬರ ಪರವಾಗಿಯೂ ಯೋಚಿಸಿದವನು ಒಬ್ಬನೇ, ಅವನು ಇಬ್ಬರಿಗೂ ಉತ್ತರ ಹೇಳಬೇಕಾದವನಲ್ಲ.

2013ರ ಸಂವಿಧಾನ ದೇಶದ ಎಲ್ಲ ಪ್ರಜೆಗಳನ್ನೂ ಫಿಜಿಯನ್ನರು ಎಂದೇ ಕರೆಯುತ್ತದೆ. ಮೂಲನಿವಾಸಿಗಳ ಭೂಮಿಯನ್ನು ಮಾರುವಂತಿಲ್ಲ ಎಂಬ ರಕ್ಷಣೆ ಅದರಲ್ಲೂ ಉಳಿದಿದೆ. ಗೇಣಿದಾರನಿಗೂ ಒಂದಿಷ್ಟು ಭದ್ರತೆಯ ಮಾತಿದೆ. ಒಬ್ಬರ ಒಡೆತನಕ್ಕೂ ಇನ್ನೊಬ್ಬರ ಅನ್ನಕ್ಕೂ ಒಂದೇ ಕಾನೂನಿನಲ್ಲಿ ಜಾಗ ಮಾಡುವ ಕೆಲಸ ಸುಲಭದ್ದಲ್ಲ, ಮುಗಿದೂ ಇಲ್ಲ. ಆದರೆ ಅದನ್ನು ಈಗ ಚರ್ಚಿಸುವವರು ಸುವಾದ ಸಂಸತ್ತಿನಲ್ಲಿ ಎದುರುಬದುರು ಕೂರುವ ಎರಡೂ ಕಡೆಯ ಮೊಮ್ಮಕ್ಕಳು. ತಪ್ಪು ಮಾಡಿದರೆ ಮುಂದಿನ ಚುನಾವಣೆಯಲ್ಲಿ ಅವರು ಲೆಕ್ಕ ಕೊಡಬೇಕು. ಎಷ್ಟೇ ಒಳ್ಳೆಯವನಾದರೂ ಗಾರ್ಡನ್ ಯಾರಿಗೂ ಆ ಲೆಕ್ಕ ಕೊಡಬೇಕಾಗಿರಲಿಲ್ಲ.